ಪೈಪಿನ ಮೈಲಿಗೆ

ಹಿಮಸಾರಂಗ ಎಳೆಯುವ ನಮ್ಮ ಜಾರುಬಂಡಿಗಳ ಸಾಲಿನಲ್ಲಿ ನನ್ನದು ಯಾವಾಗಲೂ ಕೊನೆಯದು. ಎಲ್ಲಕ್ಕಿಂತ ಮುಂದೆ ಮಾವ ಯಾಬ್ಕೊ ಅವರ ಬಂಡಿ, ಅದರ ಬೆನ್ನಿಗೆ ದೇವರ ಬಂಡಿ, ಆಮೇಲೆ ಗುಡಾರದ ಕಂಬ, ಚರ್ಮ, ತಗಡಿನ ಒಲೆ, ಹಿಟ್ಟಿನ ಮೂಟೆ ಹೊತ್ತವು. ಕಟ್ಟಕಡೆಗೆ ನಾನು. ನನ್ನ ಬಂಡಿಯಲ್ಲಿರುವುದು ಹೆಂಗಸರ ಬೂಟು, ನಾವು ತುಳಿದ ನೆಲಹಲಗೆ, ಅಂದರೆ ಗಂಡಸರ ಸಾಮಾನಿನ ಪಕ್ಕ ಇಡಬಾರದ್ದೆಲ್ಲ. ಮದುವೆಯಾಗಿ ಬಂದಾಗಿನಿಂದ ವರ್ಷಕ್ಕೆರಡು ಸಲ ಉತ್ತರ ಧ್ರುವದ ಅಂಚಿನ ಯಮಾಲಿನ ಬಯಲನ್ನು ಇವರೆಲ್ಲರ ಬೆನ್ನು ನೋಡಿಕೊಂಡೇ ದಾಟಿದ್ದೇನೆ. ಹಿಂದಿರುವವಳಿಗೆ ಒಂದು ಲಾಭವಿದೆ. ಯಾರು ಎಲ್ಲಿ ಎಡವಿದರು ಎಂಬುದು ಅವಳಿಗೆ ಚೆನ್ನಾಗಿ ಕಾಣುತ್ತದೆ.

ಹೆಣ್ಣು ದಾಟಿದ್ದು ಮೈಲಿಗೆ, ಇದು ನಮ್ಮ ನೇನೆತ್ಸ್ ಜನರ ಕಟ್ಟಳೆ. ಸಾರಂಗ ಹಿಡಿಯುವ ಹಗ್ಗವನ್ನು ನಾನು ದಾಟುವಂತಿಲ್ಲ, ಬಂಡಿ ಓಡಿಸುವ ಕೋಲನ್ನು ದಾಟುವಂತಿಲ್ಲ, ಗಂಡನ ಅಂಗಿ ನೆಲದ ಮೇಲೆ ಬಿದ್ದಿದ್ದರೆ ಸುತ್ತು ಹಾಕಿಕೊಂಡು ಹೋಗಬೇಕು. ಗಂಡಸಿನ ತಲೆಯ ಮೇಲಂತೂ ಹೆಣ್ಣಿನ ಕಾಲು ಬರಲೇಕೂಡದು. ಮಾವನಿಗೆ ಒಮ್ಮೆ ಎದೆನೋವು ಬಂದು ಪೇಟೆಯ ಆಸ್ಪತ್ರೆಗೆ ಸೇರಿಸಿದಾಗ, ಮೇಲಿನ ಮಹಡಿಯಲ್ಲಿ ಬಾಣಂತಿಯರು ಓಡಾಡುತ್ತಾರೆ ಎಂದು ಗೊತ್ತಾದ ತಕ್ಷಣ ಮನುಷ್ಯ ಹೊದಿಕೆ ಕಿತ್ತೆಸೆದು ಬರಿಗಾಲಿನಲ್ಲಿ ಹಿಮಕ್ಕೆ ಇಳಿದುಬಿಟ್ಟರು. ನಾವು ಬೆನ್ನಟ್ಟಿ ಹಿಡಿಯಬೇಕಾಯಿತು.

ಆ ವರ್ಷ ಮೇ ತಿಂಗಳಿನಲ್ಲಿ ಕಂಪನಿಯವರ ಗ್ಯಾಸಿನ ಪೈಪು ಕಣ್ಣಿಗೆ ಬೀಳುವಷ್ಟರಲ್ಲಿ ಗಾಳಿ ಬೆಚ್ಚಗಾಗಿತ್ತು. ನಮ್ಮ ಕಡೆ ಬೆಚ್ಚಗಿನ ಗಾಳಿ ಎಂದರೆ ಕೆಟ್ಟ ಸುದ್ದಿ. ಪೈಪಿನಾಚೆ ಒಂದು ದಿನದ ದಾರಿಯಲ್ಲಿ ನದಿ. ನದಿಯಾಚೆ ನಮ್ಮ ಸಾರಂಗಗಳು ತಲೆಮಾರುಗಳಿಂದ ಈಯುತ್ತಾ ಬಂದ ಬಯಲು, ದಿಬ್ಬದ ಮರೆ, ಒಣ ನೆಲ, ತಾಯಂದಿರಿಗೆ ಹೊಟ್ಟೆತುಂಬ ಬಿಳಿ ಪಾಚಿ. ಮಂಜುಗಡ್ಡೆ ಗಟ್ಟಿಯಿರುವಾಗಲೇ ನದಿ ದಾಟಬೇಕು. ಅದು ಒಡೆದುಹೋದರೆ ಗಬ್ಬದ ಸಾರಂಗಗಳು ಈಚೆಯ ಕೆಸರಿನಲ್ಲೇ ಈಯಬೇಕು. ಅಲ್ಲಿ ಹುಟ್ಟಿದ ಮರಿ ಉಳಿದರೆ ಪುಣ್ಯ.

ಮಂದೆಯಲ್ಲಿ ನನ್ನ ಅವ್ಕಾ ಇತ್ತು. ತಾಯಿ ಸತ್ತ ಮರಿಯನ್ನು ಗುಡಾರದೊಳಗೆ ತಂದು, ರೊಟ್ಟಿ ಮೀನು ತಿನ್ನಿಸಿ ಸಾಕಿದರೆ ಅದನ್ನು ಅವ್ಕಾ ಅನ್ನುತ್ತೇವೆ. ಅದಕ್ಕೆ ತಾನು ಸಾರಂಗ ಎಂಬುದು ಅರ್ಧ ಮರೆತಿರುತ್ತದೆ. ನನ್ನದಂತೂ ಬೆಳೆದ ಮೇಲೂ ಬಾಗಿಲ ಚರ್ಮ ಸರಿಸಿ ತಲೆ ತೂರಿಸಿ ರೊಟ್ಟಿ ಕೇಳುತ್ತಿತ್ತು. ಆ ವರ್ಷ ಅದು ಚೊಚ್ಚಲ ಗಬ್ಬ. ಹೊಟ್ಟೆ ಒಂದು ಪಕ್ಕಕ್ಕೆ ವಾಲಿತ್ತು. ಈ ಮರಿ ನದಿಯಾಚೆಯೇ ಹುಟ್ಟಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ.

ಪೈಪು ಬಯಲಿಗೆ ಅಡ್ಡಲಾಗಿ ಸಮುದ್ರದವರೆಗೂ ಹೋಗುತ್ತದೆ. ಸುತ್ತು ಹಾಕುವ ಮಾತೇ ಇಲ್ಲ. ಸಾರಂಗ ನುಸುಳಲಿ ಎಂದು ಕಂಪನಿಯವರು ಒಂದು ಕಡೆ ಅದನ್ನು ಕಮಾನಿನ ಹಾಗೆ ಎತ್ತಿಟ್ಟಿದ್ದಾರೆ. ಮುಂದಿನ ಬಂಡಿ ಅದರಡಿ ಹೊಕ್ಕರೆ ಮಂದೆ ಅಂಜುತ್ತಲೇ ಹಿಂದೆ ಬರುತ್ತದೆ. ಬಂಡಿ ಹೊಗದಿದ್ದರೆ ಒಂದು ಸಾರಂಗವೂ ಕದಲುವುದಿಲ್ಲ. ನಾವು ಹತ್ತಿರ ಬಂದಾಗ ಕಮಾನಿನ ಮೇಲೆ ಯಾರೋ ಬಗ್ಗಿಕೊಂಡು ಪೈಪನ್ನು ತಟ್ಟುತ್ತಾ ನಡೆಯುತ್ತಿದ್ದರು. ಟೊಪ್ಪಿಯಿಂದ ಕೆಂಚು ಜಡೆ ಜೋತುಬಿದ್ದಿತ್ತು. ಹೆಂಗಸು! ಮಾವನಿಗೆ ಕಾಣದಿರಲಿ ದೇವರೇ ಎಂದುಕೊಂಡೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಕಣ್ಣು ಅದು, ಆದರೆ ಮೈಲಿಗೆ ಮಾತ್ರ ಹರದಾರಿ ದೂರದಿಂದ ಕಾಣುತ್ತದೆ.

ಮಾವ ಬಂಡಿ ನಿಲ್ಲಿಸಿದರು. ನನ್ನ ಗಂಡ ನೋಹೊ ಹಿಂದಿನಿಂದ ಓಡಿಬಂದ.

"ಯಾಕಪ್ಪಾ ನಿಂತೆ? ಗಾಳಿ ನೋಡಿದ್ಯಾ ಹೆಂಗಿದೆ?"

"ಅದರ ಮೇಲೆ ಹೆಂಗ್ಸು ನಡೀತಾವ್ಳೆ."

"ಯಾರೋ ಕಂಪನಿಯವ್ಳು. ಅವ್ಳ ಕೆಲಸ ಅವ್ಳು ಮಾಡ್ತಾವ್ಳೆ."

"ಅವ್ಳ ಕಾಲಡಿ ನಾನು ದೇವ್ರನ್ನ ತಗೊಂಡು ಹೋಗ್ಲೇನೋ? ನಿಮ್ಮಜ್ಜನ ಕಾಲದ ದೇವ್ರು ಅದು. ಹೊಗೆ ಹಾಕ್ದೆ ನಾನು ಒಂದು ಹೆಜ್ಜೆ ಇಡಲ್ಲ."

ಹೊಗೆ ಎಂದರೆ ಬೀವರ್ ಪ್ರಾಣಿಯ ಗಂಧದ ಗಡ್ಡೆಯ ಹೊಗೆ. ಹೆಬ್ಬೆರಳಿನ ತುದಿಯಷ್ಟು ಚೂರನ್ನು ಕೆಂಡದ ಮೇಲಿಟ್ಟು ಅದರ ಘಾಟು ತಾಗಿಸಿದರೆ ಎಂಥ ಮೈಲಿಗೆಯೂ ಹೋಗುತ್ತದೆ. ಆ ಚೂರು ಸದಾ ಮಾವನ ಸೊಂಟದ ಚೀಲದಲ್ಲಿರುತ್ತದೆ. ಹೆಚ್ಚು ಹೊತ್ತಿನ ಕೆಲಸವೇನಲ್ಲ. ನೋಹೊ ನಿಟ್ಟುಸಿರು ಬಿಟ್ಟು ಒಲೆಯ ಬಂಡಿಯಿಂದ ಸೌದೆ ಚಕ್ಕೆ ತೆಗೆದ. ಕಮಾನಿನಡಿ ಅವನು ಕಡ್ಡಿ ಗೀರಿದನೋ ಇಲ್ಲವೋ, ಕಾವಲಿನವನ ಸೀಟಿ ಕಿವಿ ಹರಿಯಿತು.

ಕಾವಲಿನವನ ಹೆಸರು ರುಸ್ಲಾನ್. ತೆಂಕಣ ಸೀಮೆಯಿಂದ ಬಂದವನು, ಕೆಟ್ಟವನಲ್ಲ, ಮಾತಿಗೊಮ್ಮೆ ತಾತ ಅನ್ನುತ್ತಿದ್ದ.

"ತಾತಾ! ಏನ್ ಮಾಡ್ತಿದೀರಾ? ಒಳಗೆ ಗ್ಯಾಸಿದೆ! ನೀವೂ ಹೋಗ್ತೀರಾ, ನಾನೂ ಹೋಗ್ತೀನಿ!"

"ಒಂದು ಚೂರು ಹೊಗೆ ಕಣಪ್ಪಾ. ನಿನ್ ಸಿಗರೇಟಿಗಿಂತ ಕಮ್ಮಿ."

"ಸಿಗರೇಟೂ ಸೇದಂಗಿಲ್ಲ ಇಲ್ಲಿ. ಕಡ್ಡಿ ಗೀರಂಗಿಲ್ಲ. ಮೇಲಿನವ್ರು ಹೂಂ ಅಂದ್ರೆ ಮಾತ್ರ."

"ಹಂಗಾದ್ರೆ ಕೇಳು ಮೇಲಿನವ್ರನ್ನ."

ರುಸ್ಲಾನ್ ಫೋನಿನಲ್ಲಿ ಕೇಳಿದ. ಮೇಲಿನವರು ಇನ್ನೂ ಮೇಲಿನವರನ್ನು ಕೇಳಬೇಕಂತೆ, ನಾಳೆ ಹೇಳುತ್ತಾರಂತೆ. ಅವನ ಬೆನ್ನ ಹಿಂದೆ, ಬಯಲಿನ ಅಂಚಿನಲ್ಲಿ, ಅದೇ ಕಂಪನಿಯ ಗ್ಯಾಸಿನ ಜ್ವಾಲೆ ಚಿಮಣಿಯ ತುದಿಯಿಂದ ಮುಗಿಲಿಗೆ ಎದ್ದು ಗುಡುಗುತ್ತಿತ್ತು. ಹಗಲಿಲ್ಲ ಇರುಳಿಲ್ಲ, ವರ್ಷಗಟ್ಟಲೆ ಉರಿಯುತ್ತಿದೆ ಅದು. ಅದರ ಮಸಿ ಬಿದ್ದು ಸುತ್ತಲಿನ ಹಿಮ ಬೂದುಬಣ್ಣಕ್ಕೆ ತಿರುಗಿದೆ. ಅಷ್ಟು ದೊಡ್ಡ ಬೆಂಕಿಗೆ ಯಾರನ್ನೂ ಕೇಳಬೇಕಿಲ್ಲ. ನಮ್ಮ ಹೆಬ್ಬೆರಳಿನಷ್ಟು ಹೊಗೆಗೆ ಮೇಲಿನವರ ಮೇಲಿನವರು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಯಾರು ಎಂಬುದೇ ಪತ್ತೆಯಿಲ್ಲ.

ನಾವು ಗುಡಾರ ಹೂಡಿ ಕಾದೆವು. ನಾಳೆ ಬಂತು, ಮೇಲಿನವರು ರಜೆಯಲ್ಲಿದ್ದರು. ಅದರ ಮರುದಿನ ಮಳೆ ಹನಿಯಿತು. ಮೇ ತಿಂಗಳ ಮಳೆ! ಗಬ್ಬದ ಸಾರಂಗಗಳು ನದಿಯ ಕಡೆ ಮುಖ ಮಾಡಿ ಪೈಪಿನುದ್ದಕ್ಕೂ ಹೋಗಿ ಬಂದು, ಹೋಗಿ ಬಂದು, ಹಿಮವನ್ನೆಲ್ಲ ಕೆಸರು ಮಾಡಿದವು. ಅವ್ಕಾ ರೊಟ್ಟಿ ತಿನ್ನುವುದನ್ನು ಬಿಟ್ಟಿತು. ನೋಹೊ ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೇಡಿಕೊಂಡ, ಆಮೇಲೆ ಕೂಗಾಡಿದ.

"ದೇವ್ರ ಬಂಡಿ ಇಲ್ಲೇ ಇರ್ಲಿ. ನೀನೂ ಇರು. ನಾನು ಮಂದೆ ಹೊಡ್ಕೊಂಡು ಹೋಗ್ತೀನಿ."

"ಹೋಗು. ನಿನ್ ತಲೆ ಮೇಲೆ ಅವ್ಳ ಕಾಲು ಹೊತ್ಕೊಂಡು ಹೋಗು. ನಾಳೆ ಮಂದೆಗೆ ರೋಗ ಬಂದ್ರೆ ನನ್ ಹತ್ರ ಅಳ್ಬೇಡ."

ನೋಹೊ ಒಲೆಗೆ ಸೌದೆ ತುರುಕತೊಡಗಿದ. ಗಂಡಸರ ಧೈರ್ಯವೆಲ್ಲ ಅಷ್ಟೇ, ರೋಗ ಅಂದರೆ ಮುಗಿಯಿತು. ಆಗ ನನಗೆ ತಡೆಯಲಾಗಲಿಲ್ಲ. ಸೊಸೆ ಮಾವನಿಗೆ ಎದುರಾಡಬಾರದು. ತಲೆವಸ್ತ್ರದ ಅಂಚಿನಿಂದ ಅರ್ಧ ಮುಖ ಮುಚ್ಚಿಕೊಂಡು, ಒಲೆಯ ಕಡೆ ನೋಡುತ್ತಾ, ಒಲೆಗೇ ಹೇಳುವವಳಂತೆ ಹೇಳಿದೆ.

"ಮಾವ, ನನ್ ಬಂಡಿ ಹೆಂಗೂ ಮೈಲಿಗೆದು. ಅದು ಯಾರ ಕಾಲಡಿ ಹೋದ್ರೂ ಇನ್ನೇನು ಕೆಡಲ್ಲ. ನಾನು ಮುಂದೆ ಹೋಗ್ತೀನಿ. ಅವ್ಕಾ ನನ್ ಹಿಂದೆ ಬರುತ್ತೆ, ಅವ್ಕಾ ಹಿಂದೆ ಮಂದೆ ಬರುತ್ತೆ. ನಿಮಗೆ ಹೊಗೆ ಸಿಕ್ಕಿದ್ ಮೇಲೆ ನೀವು ದೇವ್ರ ಜೊತೆ ನಿಧಾನಕ್ಕೆ ಬನ್ನಿ."

ಮಾವ ನನ್ನ ಕಡೆ ನೋಡಲಿಲ್ಲ. ಮಗನಿಗೆ ಹೇಳಿದರು, "ನಿನ್ ಹೆಂಡ್ತಿಗೆ ಹೇಳು. ಹೆಂಗಸಿನ ಬೂಟಿನ ಬಂಡಿ ಹಿಂದೆ ನನ್ನ ಮಂದೆ ಹೋಗಲ್ಲ. ನಾನು ಸತ್ ಮೇಲೆ ನಿಮ್ಮಿಷ್ಟ."

ನಾನೇ ಎದ್ದು ಆ ಜಡೆಯವಳನ್ನು ಹುಡುಕಿಕೊಂಡು ಹೋದೆ. ಕಂಪನಿಯ ತಗಡಿನ ಮನೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಮಾಂಸ ತಿನ್ನುತ್ತಿದ್ದಳು. ಹೆಸರು ಇನ್ನಾ. ನನಗಿಂತ ಚಿಕ್ಕವಳು. ಸಂಗತಿ ಹೇಳಿದಾಗ ಚಮಚ ಕೈಯಲ್ಲೇ ನಿಂತಿತು.

"ನಾನು ನಡೆದದ್ದಕ್ಕಾ? ಅಕ್ಕಾ, ಬಿರುಕು ಬಿಟ್ಟಿದ್ಯಾ ನೋಡೋದೇ ನನ್ ಕೆಲ್ಸ. ನಡೀದೆ ಹೆಂಗೆ ನೋಡ್ಲಿ? ನನ್ ಕಾಲಿಗೆ ಏನಾಗಿದೆ?"

"ನಿನ್ ಕಾಲಿಗೇನೂ ಆಗಿಲ್ಲ ಕಣೇ. ನನ್ ಕಾಲಿಗೂ ಏನೂ ಆಗಿಲ್ಲ. ಅದನ್ನ ಅವ್ರಿಗೆ ಹೇಳಿ ಹೇಳಿ ನಮ್ಮಜ್ಜಿ ಸತ್ಲು. ಈಗ ನನಗೆ ಸತ್ಯ ಬೇಡ, ಬೆಂಕಿ ಬೇಕು."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ನಕ್ಕಳು. "ಪೂಜೆಗೆ ಅಂದ್ರೆ ಬಿಡಲ್ಲ. ವೆಲ್ಡಿಂಗ್‌ಗೆ ಅಂದ್ರೆ ಬಿಡ್ತಾರೆ. ಕಮಾನಿನ ಕಾಲಿಗೆ ಒಂದು ಬೆಸುಗೆ ಬೇಕು ಅಂತ ಬರೀತೀನಿ. ಸುಳ್ಳೇನಲ್ಲ, ಆ ಕಾಲು ನಿಜವಾಗ್ಲೂ ಅಲ್ಲಾಡ್ತಿದೆ. ಅಡಿಯ ಮಂಜುಗಡ್ಡೆ ಕರಗ್ತಿದೆ, ನೆಲ ಅದನ್ನ ಹಿಡ್ಕೊಳ್ತಿಲ್ಲ."

ಬೆಂಕಿಗೆ ಅಪ್ಪಣೆ ಬಂತು. ಅದರ ಜೊತೆಗೆ ಬೆಂಕಿ ಆರಿಸುವ ಲಾರಿಯೂ ಬಂತು, ಕೆಂಪು ಡಬ್ಬಿ ಹಿಡಿದ ಆಳುಗಳು ಬಂದರು, ಕಮಾನಿನ ಸುತ್ತ ಪಟ್ಟಿ ಕಟ್ಟಿದರು. ಒಳಗೆ ಬರುವವರೆಲ್ಲ ಹೆಲ್ಮೆಟ್ ಹಾಕಬೇಕು ಅಂದರು. ಮಾವ ಹೆಲ್ಮೆಟನ್ನು ದೂರದಿಂದಲೇ ದಿಟ್ಟಿಸಿದರು.

"ಇದನ್ನ ಮೊದ್ಲು ಯಾರು ಹಾಕಿದ್ರು?"

"ಗಂಡಸೇ ತಾತ," ಅಂದ ರುಸ್ಲಾನ್. "ನನ್ ತಾಯಾಣೆ. ನಾನೇ ಹಾಕಿದ್ದು."

ಹಳದಿ ಹೆಲ್ಮೆಟಿನಡಿ ಸಾರಂಗದ ಚರ್ಮದ ಟೊಪ್ಪಿ, ಕೈಯಲ್ಲಿ ಸಣ್ಣ ಬಾಣಲೆ, ಬಾಣಲೆಯಲ್ಲಿ ಕೆಂಡ, ಕೆಂಡದ ಮೇಲೆ ಉಗುರಷ್ಟು ಗಡ್ಡೆ. ಮಾವ ಕಮಾನಿನಡಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದರು. ಘಾಟು ಹರಡಿ ಕಂಪನಿಯ ಆಳುಗಳು ಮೂಗು ಮುಚ್ಚಿಕೊಂಡರು. ಇನ್ನಾ ದೂರದಲ್ಲಿ ಕೈಕಟ್ಟಿ ನಿಂತಿದ್ದಳು, ನಾನು ಅವಳ ಪಕ್ಕ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದೆವೋ ಅಳುತ್ತಿದ್ದೆವೋ ಹೇಳಲಾರೆ.

ಪೈಪು ಮಡಿಯಾಯಿತು. ದೇವರು ದಾಟಿದ, ಮಂದೆ ದಾಟಿತು, ಕೊನೆಗೆ ನನ್ನ ಬಂಡಿಯೂ ದಾಟಿತು. ಎಲ್ಲೂ ನಿಲ್ಲದೆ ಓಡಿಸಿದೆವು. ನದಿಯ ದಂಡೆಯ ದಿಬ್ಬ ಹತ್ತುವ ಮೊದಲೇ ಸದ್ದು ಕೇಳಿಸಿತು. ಅದನ್ನು ಕೇಳಿದವರು ಮರೆಯುವುದಿಲ್ಲ. ಮಂಜುಗಡ್ಡೆಯ ದೊಡ್ಡ ಹಲಗೆಗಳು ಒಂದರ ಮೇಲೊಂದು ಏರಿ, ನರಳಿ, ಮಗುಚಿ ಸಮುದ್ರದ ಕಡೆ ಹೊರಟಿದ್ದವು. ನಡುವೆ ಕರಿನೀರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ನಮ್ಮ ಹೊಗೆ.

ನಿಲ್ಲಲು ಇದ್ದ ಒಂದೇ ಒಣ ಜಾಗ ಕಂಪನಿಯವರು ಮರಳು ಬಗೆದ ಹಳ್ಳ. ಮರೆಯಿಲ್ಲ, ಮೇವಿಲ್ಲ, ಎಲ್ಲಿ ನೋಡಿದರೂ ತುಕ್ಕುಹಿಡಿದ ತಂತಿ. ಅಲ್ಲೇ ಸಾರಂಗಗಳು ಈಯತೊಡಗಿದವು. ಹಗಲು ಮಳೆ, ಅದರ ಬೆನ್ನಿಗೇ ಕೊರೆಯುವ ಚಳಿ. ಒದ್ದೆಯಾಗಿ ಹುಟ್ಟಿದ ಮರಿಗಳ ಮೈಮೇಲೆಯೇ ನೀರು ಗಟ್ಟಿಯಾಯಿತು. ನಾವು ಎಷ್ಟನ್ನು ಗುಡಾರದೊಳಗೆ ತರಲು ಸಾಧ್ಯ? ಕಾಗೆಗಳು ಮೊದಲು ಬಂದವು, ಆಮೇಲೆ ನರಿಗಳು. ಅವ್ಕಾದ ಮರಿ ಎದ್ದು ನಿಂತಿತು, ಒಮ್ಮೆ ಮೊಲೆ ಹುಡುಕಿತು, ಮತ್ತೆ ಕಾಲು ಮಡಿಸಿತು. ನಾನು ಅದನ್ನು ನನ್ನ ಅಂಗಿಯೊಳಗೆ ಹಾಕಿಕೊಂಡು ಒಲೆಯ ಮುಂದೆ ಕುಳಿತೆ. ನನ್ನ ಎದೆಗಂಟಿಕೊಂಡೇ ಅದು ಸತ್ತಿತು. ಅವ್ಕಾ ಬಾಗಿಲಲ್ಲಿ ತಲೆ ತೂರಿಸಿ ನಿಂತಿತ್ತು. ರೊಟ್ಟಿ ಕೊಡಹೋದರೆ ಮೂಸಲಿಲ್ಲ. ಅದರ ಕೆಚ್ಚಲಿನಿಂದ ಹಾಲು ನೆಲಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾವ ಚಹಾ ಹೀರುತ್ತಾ ಅಂದರು, "ಹೊಗೆ ಸಾಲ್ಲಿಲ್ಲ. ಆ ಹೆಲ್ಮೆಟಿಂದೇ ದೋಷ."

"ಹೌದು ಮಾವ," ಅಂದೆ. ಆ ಸಲ ಮುಖ ಮುಚ್ಚಿಕೊಳ್ಳಲಿಲ್ಲ. "ಹೆಲ್ಮೆಟಿಂದೇ. ತಲೆ ಹೊರಗಡೆದು ನೋಡಿದ್ರಿ, ಒಳಗಡೆದು ನೋಡ್ಕೊಳ್ಳಿಲ್ಲ."

ನೋಹೊ ಬಟ್ಟಲು ಕೆಳಗಿಟ್ಟ. ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಎದ್ದು ಹೊರಗೆ ಹೋಗಿ ಸತ್ತ ಮರಿಗಳನ್ನು ಒಟ್ಟುಗೂಡಿಸತೊಡಗಿದ. ಅಷ್ಟರಲ್ಲಿ ಕಂಪನಿಯವರು ಯಾರೋ ಒಬ್ಬನನ್ನು ಕ್ಯಾಮೆರಾ ಕೊಟ್ಟು ಕಳಿಸಿದ್ದರು. ಅವನು ಬದುಕಿದ್ದ ಮರಿಗಳನ್ನಷ್ಟೇ ಆರಿಸಿ ಚಿತ್ರ ತೆಗೆದ. ಚಳಿಗಾಲದಲ್ಲಿ ಅಂಗಡಿಯಿಂದ ಹಿಟ್ಟು ತಂದಾಗ ಜೊತೆಗೊಂದು ಕ್ಯಾಲೆಂಡರ್ ಪುಕ್ಕಟೆ ಬಂತು. ಮರಿ, ಮರಿಯ ಹಿಂದೆ ಥಳಥಳಿಸುವ ಪೈಪು, ಅಡಿಯಲ್ಲಿ "ಪ್ರಕೃತಿಯ ಜೊತೆ ನಾವು." ಕಾಗದ ದಪ್ಪಗಿತ್ತು. ಕತ್ತರಿಸಿ ಬೂಟಿನೊಳಗೆ ಹಾಕಿಕೊಂಡೆ.

ಮರು ವಸಂತ ಮತ್ತೆ ಅದೇ ದಾರಿ. ನಾವು ತೆಂಕಣದಲ್ಲಿದ್ದಾಗ ನೆಲ ಸುಮ್ಮನೆ ಕುಳಿತಿರಲಿಲ್ಲ. ನಮ್ಮ ನೆಲಕ್ಕೆ ಒಂದು ಗುಣವಿದೆ, ಸಹಿಸದ್ದನ್ನು ಅದು ಉಗುಳುತ್ತದೆ, ಇಲ್ಲವೇ ನುಂಗುತ್ತದೆ. ಕಂಪನಿಯವರು ನಟ್ಟ ಬೇಲಿಗೂಟಗಳು ಬುಡಸಮೇತ ಎದ್ದು ಅಡ್ಡಾದಿಡ್ಡಿ ಬಿದ್ದಿದ್ದವು. ಲಾರಿಗಳು ಸೀಳಿದ ಜಾಡುಗಳಲ್ಲಿ ಹೋದ ಬೇಸಿಗೆ ಬೆಳೆದ ಹುಲ್ಲಿನ ಒಣ ಕಡ್ಡಿಗಳು ಹಿಮದಿಂದ ಮೇಲೆ ಇಣುಕುತ್ತಿದ್ದವು. ಕಮಾನಿನ ಒಂದು ಕಾಲು ಮೇಲಕ್ಕೆದ್ದು ಇನ್ನೊಂದು ಕುಸಿದು, ಪೈಪು ಕುಡುಕನ ಹಾಗೆ ವಾಲಿತ್ತು. ಅಲ್ಲಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಸ್ವಲ್ಪ ದೂರದಲ್ಲಿ, ಜೌಗಿನ ಮೇಲೆ, ಪೈಪಿನ ಹೊಟ್ಟೆಯನ್ನು ನೆಲ ನುಂಗಿಬಿಟ್ಟಿತ್ತು. ಬೆನ್ನು ಮಾತ್ರ ಹೊರಗಿತ್ತು, ಅದರ ಮೇಲೂ ಹಿಮ ಕೂತು ಒಂದು ತಗ್ಗು ದಿಬ್ಬವಾಗಿತ್ತು.

ಮಾವ ಬಂಡಿ ನಿಲ್ಲಿಸಿ ಸೊಂಟದ ಚೀಲ ಬಿಚ್ಚಿದರು. ರುಸ್ಲಾನ್ ಓಡಿಬಂದ.

"ಏನಪ್ಪಾ, ಆ ಹೆಂಗ್ಸು ಇದರ ಮೇಲೆ ಮತ್ತೆ ನಡೆದ್ಲಾ?"

"ದಿನಾ ನಡೀತಾಳೆ ತಾತ. ಈಗಂತೂ ದಿನಕ್ಕೆರಡು ಸಲ. ಕಮಾನಿನ ಹತ್ರ ಯಾರೂ ಹೋಗಂಗಿಲ್ಲ, ಬೀಳುತ್ತೆ ಅದು."

"ಹಂಗಾದ್ರೆ ಇಲ್ಲೇ ಹೊಗೆ ಹಾಕ್ಬೇಕು. ಕೇಳು ಮೇಲಿನವ್ರನ್ನ."

ರುಸ್ಲಾನ್ ಫೋನು ತೆಗೆದ. ಗಾಳಿ ಬೆಚ್ಚಗಿತ್ತು. ಅವ್ಕಾ ನನ್ನ ಪಕ್ಕ ನಿಂತಿತ್ತು, ಮತ್ತೆ ಗಬ್ಬ, ಮತ್ತೆ ಒಂದು ಪಕ್ಕಕ್ಕೆ ವಾಲಿದ ಹೊಟ್ಟೆ. ನನಗೆ ಹೋದ ವರ್ಷದ ಹಾಲು ತೊಟ್ಟಿಕ್ಕಿದ ಸದ್ದು ಕೇಳಿಸಿತು. ಮಾವನನ್ನೂ ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ. ನನ್ನ ಬಂಡಿಯನ್ನು ಸಾಲಿನಿಂದ ಹೊರಗೆಳೆದು, ದೇವರ ಬಂಡಿಯ ಪಕ್ಕದಲ್ಲೇ ಹಾಯ್ದು, ಆ ಹಿಮದ ದಿಬ್ಬದ ಕಡೆ ಹೊಡೆದೆ.

"ಹಾದ್ನೇ! ನಿಲ್ಲೇ!" ಮಾವ ನನ್ನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು.

ಬಂಡಿಯಡಿಯ ಜಾರುಹಲಗೆ ಪೈಪಿನ ಬೆನ್ನಿಗೆ ಉಜ್ಜಿ ಕರಕರ ಅಂದಿತು. ಆಚೆಗಿಳಿದು ತಿರುಗಿ ನೋಡಿದೆ. ಅವ್ಕಾ ದಿಬ್ಬದ ಮೇಲೆ ನಿಂತು ಪೈಪನ್ನು ಮೂಸಿತು. ನಾನು ರೊಟ್ಟಿ ತೋರಿಸಿದೆ. ಅದು ಪೈಪನ್ನು ತುಳಿದು, ದಾಟಿ ಬಂತು. ಅದರ ಹಿಂದೆ ಒಂದು ಮುದಿ ಸಾರಂಗ, ಅದರ ಹಿಂದೆ ಇಡೀ ಮಂದೆ. ಹೊಟ್ಟೆ ತುಂಬಿದ ಹೆಣ್ಣುಗಳೆಲ್ಲ ಕಂಪನಿಯ ಪೈಪನ್ನು ದಬದಬ ತುಳಿದುಕೊಂಡು ದಾಟಿದವು. ರುಸ್ಲಾನ್ ಫೋನು ಕಿವಿಗಿಟ್ಟುಕೊಂಡೇ ಬಾಯಿ ತೆರೆದು ನಿಂತಿದ್ದ. ನೋಹೊ ಅಪ್ಪನನ್ನೊಮ್ಮೆ ನೋಡಿದ, ಮಂದೆಯನ್ನೊಮ್ಮೆ ನೋಡಿದ, ಗುಡಾರದ ಬಂಡಿಗಳನ್ನು ಹೊಡೆದುಕೊಂಡು ಮಂದೆಯ ಹಿಂದೆ ಬಂದ.

ನದಿಯ ದಂಡೆಯಲ್ಲಿ ಗುಡಾರ ಹೂಡಿ ಚಹಾ ಇಟ್ಟಿದ್ದೆ. ಮಾವನ ಬಂಡಿ ದಿಬ್ಬದ ಮೇಲೆ ಕಾಣಿಸಿತು, ಹಿಂದೆ ದೇವರ ಬಂಡಿ. ಜೀವನದಲ್ಲಿ ಮೊದಲ ಸಲ ಅವರು ಎಲ್ಲರಿಗಿಂತ ಕೊನೆಗೆ ಬಂದಿದ್ದರು. ಬೀವರ್ ಗಡ್ಡೆಯ ಘಾಟು ಅವರ ಮೈಮೇಲೆ ಇರಲಿಲ್ಲ. ಒಳಗೆ ಬಂದು ಕುಳಿತು ಕೇಳಿದರು.

"ನದಿ?"

"ಗಟ್ಟಿಯಾಗಿದೆ ಮಾವ."

"ಹೂಂ," ಅಂದು ಬಟ್ಟಲು ಮುಂದೆ ಹಿಡಿದರು. ಚಹಾ ಹಾಕಿದೆ.

ನದಿ ದಾಟಿ ಈಯುವ ಬಯಲು ಮುಟ್ಟಿದೆವು. ಅಲ್ಲಿ ನಮಗಿಂತ ಮೊದಲು ಯಾರೋ ಬಂದು ಹೋಗಿದ್ದರು. ಬಯಲ ತುಂಬ ಗೂಟ, ಗೂಟದ ತಲೆಗೆ ಕೆಂಪು ಪಟ್ಟಿ. ಕಂಪನಿಯವರು ಮುಂದಿನ ಪೈಪಿಗೆ ಅಳತೆ ಹಾಕಿದ್ದಾರೆ. ನೋಹೊ ಒಂದು ಗೂಟವನ್ನು ಒದ್ದ, ಅದು ಕದಲಲಿಲ್ಲ. ಇವರಿಗೆ ಎಷ್ಟು ಕೊಟ್ಟರೆ ಸಾಕು? ಅವ್ಕಾ ಅಂಥದ್ದೇ ಒಂದು ಗೂಟದ ಬುಡದಲ್ಲಿ ಈಯಿತು. ಮರಿ ಒಣ ನೆಲದ ಮೇಲೆ ಎದ್ದು ನಿಂತು ಮೊಲೆ ಹಿಡಿಯಿತು. ಅವ್ಕಾ ಗೂಟಕ್ಕೆ ಬೆನ್ನು ಉಜ್ಜಿ ಉಜ್ಜಿ, ನಾವು ಅಲ್ಲಿಂದ ಹೊರಡುವ ಹೊತ್ತಿಗೆ ಅದನ್ನು ಮಲಗಿಸಿಬಿಟ್ಟಿತು.

ಅಂದಿನಿಂದ ಒಂದು ಹೊಸ ಕಟ್ಟಳೆ ಹುಟ್ಟಿದೆ. ಪೈಪು ಹತ್ತಿರ ಬಂದ ಕೂಡಲೇ ಮಾವ ಬಂಡಿ ನಿಲ್ಲಿಸಿ, ತಿರುಗಿ ನೋಡದೆ, "ಹಾದ್ನೆ, ಮುಂದೆ ನಡಿ" ಅನ್ನುತ್ತಾರೆ. ಮೈಲಿಗೆಯ ದಾರಿಗೆ ಮೈಲಿಗೆಯವಳೇ ಸರಿ ಎಂದು ಅವರ ಲೆಕ್ಕ. ಇದು ಮೊದಲಿನಿಂದಲೂ ತಮ್ಮದೇ ಯೋಚನೆ ಎಂಬಂತೆ ನೆಂಟರಿಗೂ ಹೇಳಿಕೊಂಡು ಬಂದಿದ್ದಾರೆ. ನಾನು ಪೈಪು ತುಳಿದು ಮಂದೆಯನ್ನು ದಾಟಿಸುತ್ತೇನೆ. ಆಚೆಗಿಳಿದ ಮೇಲೆ ಬಂಡಿಯನ್ನು ಪಕ್ಕಕ್ಕೆಳೆದು ನಿಲ್ಲಬೇಕು. ಮಾವ ಮುಂದೆ ಹೋಗುತ್ತಾರೆ, ದೇವರು ಮುಂದೆ ಹೋಗುತ್ತಾನೆ, ಗಂಡ ಮುಂದೆ ಹೋಗುತ್ತಾನೆ. ಅವ್ಕಾ ಮಾತ್ರ ಮರಿ ಕಟ್ಟಿಕೊಂಡು ನನ್ನ ಬಂಡಿಯ ಪಕ್ಕ ನಿಂತಿರುತ್ತದೆ.